ಮಿರ್ಚಿಯ ತವರು ಯಾವುದು?

ಬಳ್ಳಾರಿ ಕಡೆ ಬೆಳಗಾಯಿತೆಂದರೆ ಹೋಟೆಲುಗಳ ಮುಂದೆ ಎಣ್ಣೆಯ ಬಾಣಲೆ ಒಲೆಗೇರುತ್ತದೆ. ರೂಪನಗುಡಿಯವರಾಗಲಿ, ಸಿರುಗುಪ್ಪ, ಕುರುಗೋಡಿನವರಾಗಲಿ, ಒಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಎರಡು ಬಿಸಿ ಮಿರ್ಚಿ ಎಂದರೆ ಬೇಡವೆನ್ನುವವರು ಕಡಿಮೆ. ಅಪ್ಪಟ ನಮ್ಮೂರ ತಿಂಡಿ!

ವಿದ್ಯಾರ್ಥಿ ಮಿತ್ರರೇ, ಆ ತಟ್ಟೆಯನ್ನೊಮ್ಮೆ ಪಾಠದಂತೆ ಓದಿ. ಮಂಡಕ್ಕಿ, ಈರುಳ್ಳಿ, ಕಡಲೆಹಿಟ್ಟು ಇಲ್ಲಿ ಬಹುಕಾಲದಿಂದ ಇದ್ದವು. ಮೆಣಸಿನಕಾಯಿ, ಟೊಮೇಟೊ ಮಾತ್ರ ಮೆಕ್ಸಿಕೋ ಕಡೆಯಿಂದ ಹೊರಟವು. ಶೇಂಗಾ ದಕ್ಷಿಣ ಅಮೆರಿಕದ್ದು. 1492ರಲ್ಲಿ ಕೊಲಂಬಸ್ ಅಮೆರಿಕದ ಕಡೆಯ ದ್ವೀಪಗಳನ್ನು ಮುಟ್ಟಿದ. ಮುಂದಿನ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಮೆಣಸಿನಕಾಯಿ ನಮ್ಮತ್ತ ಬಂತು. ಮೆಣಸಿನಂತೆ ಖಾರವಿದ್ದ ಕಾಯಿ, ಆದ್ದರಿಂದ ಮೆಣಸಿನಕಾಯಿ. ಮಿರ್ಚಿ ಎಂಬ ಮಾತಿನ ಮೂಲವೂ ಸಂಸ್ಕೃತದ ‘ಮರೀಚ’, ಅಂದರೆ ಕರಿಮೆಣಸೇ!

ಹೀಗೆ ಬಂದದ್ದನ್ನು ನಮ್ಮದಾಗಿಸಿದವರು ರೈತರು. ಎರೆಭೂಮಿ, ತುಂಗಭದ್ರೆಯ ಕಾಲುವೆ ನೀರು ಸೇರಿ ಈ ಭಾಗದಲ್ಲಿ ಮೆಣಸಿನಕಾಯಿ ಮುಖ್ಯ ಬೆಳೆಯಾಗಿದೆ. ತೊಡಕಿರುವುದೂ ಇಲ್ಲಿಯೇ. ಕಾಯಿ ಬಿಡಿಸುವ ಕಾಲವೂ ವಾರ್ಷಿಕ ಪರೀಕ್ಷೆಗೆ ಓದುವ ಕಾಲವೂ ಹೆಚ್ಚುಕಡಿಮೆ ಒಂದೇ. ಕೂಲಿಯಾಳು ಸಿಗದಿದ್ದರೆ ಮನೆಯ ಮಕ್ಕಳು, ಅದರಲ್ಲೂ ಹುಡುಗಿಯರು, ಪುಸ್ತಕ ಬಿಟ್ಟು ಹೊಲಕ್ಕೆ ನಡೆಯುತ್ತಾರೆ. ‘ನಾಲ್ಕು ದಿನ ತಾನೇ’ ಎನ್ನುತ್ತಾರೆ ಹಿರಿಯರು. ಆ ನಾಲ್ಕು ದಿನ ತಪ್ಪಿದ ಗಣಿತ ಮುಂದೆ ವರ್ಷಗಟ್ಟಲೆ ಕಾಡುತ್ತದೆ.

ತಂದೆತಾಯಂದಿರೇ, ಕಾಯಿ ಬಿಡಿಸಿ; ಮಕ್ಕಳ ಶಾಲೆ ಬಿಡಿಸಬೇಡಿ. ಮಕ್ಕಳೇ, ನಾಳೆ ಮಿರ್ಚಿ ಕಚ್ಚುವ ಮುನ್ನ ಭೂಪಟದಲ್ಲಿ ಮೆಕ್ಸಿಕೋ ಎಲ್ಲಿದೆಯೆಂದು ಹುಡುಕಿ, ಅಪ್ಪ ಅಮ್ಮನಿಗೂ ತೋರಿಸಿ.