ಗಡಿ ದಾಟುವ ಗಂಟು, ದಾಟದ ಹಕ್ಕು

ಬೇರೆ ರಾಜ್ಯಕ್ಕೆ ಮನೆ ಬದಲಿಸುವ ಸಿದ್ಧತೆಯಲ್ಲಿ ಕುಟುಂಬದ ಪಾಲು ಅರ್ಧ. ಉಳಿದರ್ಧ ಸರ್ಕಾರಗಳ ಹೊಣೆ

ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿಲೊಮೀಟರ್. ಹೈದರಾಬಾದಿಗೆ ಸುಮಾರು 140. ಬೀದರ್‌ನ ಮಂದಿ ದೊಡ್ಡಾಸ್ಪತ್ರೆಗೆ, ಮದುವೆಯ ಜವಳಿಗೆ ಬೆಳಿಗ್ಗೆ ಹೈದರಾಬಾದಿಗೆ ಹೋಗಿ ರಾತ್ರಿ ಊಟದ ಹೊತ್ತಿಗೆ ಮನೆಗೆ ಬರುತ್ತಾರೆ. ಬೆಂಗಳೂರೆಂದರೆ ಇಡೀ ರಾತ್ರಿಯ ಪ್ರಯಾಣ. ಆದರೆ ಮನೆಯನ್ನೇ ಎತ್ತಿಕೊಂಡು ಹೋಗುವ ಪ್ರಶ್ನೆ ಬಂದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಬೆಂಗಳೂರಿಗೆ ಹೋದ ಕುಟುಂಬದ ಪಡಿತರ ಚೀಟಿ, ಗಾಡಿಯ ನಂಬರು, ಜಾತಿ ಪ್ರಮಾಣಪತ್ರ, ಮಗಳ ಸಿಇಟಿ ಅರ್ಹತೆ ಎಲ್ಲವೂ ಹಾಗೆಯೇ ಉಳಿಯುತ್ತವೆ. ಹೈದರಾಬಾದಿಗೆ ಹೋದ ಕುಟುಂಬ ಇವನ್ನೆಲ್ಲ ಒಂದೊಂದಾಗಿ ಮತ್ತೆ ಕಟ್ಟಿಕೊಳ್ಳಬೇಕು. ಕೆಲವನ್ನು ಕಟ್ಟಿಕೊಳ್ಳಲು ದಾರಿಯೇ ಇಲ್ಲ. ನಮ್ಮ ದೇಶದಲ್ಲಿ ಮನೆ ಬದಲಿಸುವವರ ಪಾಲಿಗೆ ದೂರ ಎಂಬುದನ್ನು ನಿರ್ಧರಿಸುವುದು ರಸ್ತೆಯಲ್ಲ, ರಾಜ್ಯದ ಗಡಿ.

ಈ ಗಡಿ ಬಹಳ ಹಳೆಯದೇನೂ ಅಲ್ಲ. 1956ರ ನವೆಂಬರ್ 1ರವರೆಗೆ ಬೀದರ್ ಇದ್ದದ್ದು ಹೈದರಾಬಾದ್ ರಾಜ್ಯದಲ್ಲೇ. ರಾಜ್ಯಗಳ ಪುನರ್‌ವಿಂಗಡಣೆಯಲ್ಲಿ ಆ ಜಿಲ್ಲೆಯೇ ಹೋಳಾಯಿತು. ಬೀದರ್, ಭಾಲ್ಕಿ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ ಅಂದಿನ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ ಹೋದವು. ಕನ್ನಡಿಗರಿಗೆ ಏಕೀಕರಣ ಕೊಟ್ಟದ್ದು ಅಮೂಲ್ಯವಾದದ್ದು, ಅದರ ಬಗ್ಗೆ ಮರುಮಾತಿಲ್ಲ. ಆದರೆ ಅಂದು ಆಡಳಿತಕ್ಕಾಗಿ, ಭಾಷೆಗಾಗಿ ಎಳೆದ ಗೆರೆಯ ಮೇಲೆ ಆಮೇಲಿನ ಏಳು ದಶಕಗಳಲ್ಲಿ ಒಂದೊಂದು ಇಲಾಖೆಯೂ ತನ್ನದೊಂದು ಬೇಲಿ ಹಾಕಿಕೊಂಡಿತು. ಶಿಕ್ಷಣ ಇಲಾಖೆಗೊಂದು, ಸಾರಿಗೆಗೊಂದು, ಆಹಾರಕ್ಕೊಂದು, ಕಾರ್ಮಿಕ ಇಲಾಖೆಗೊಂದು. ಮನೆ ಬದಲಿಸುವ ಕುಟುಂಬ ಈ ಬೇಲಿಗಳನ್ನು ಒಂದಾದ ಮೇಲೊಂದರಂತೆ ಹಾರಬೇಕು.

ಇದು ಕೆಲವೇ ಜನರ ಗೋಳಲ್ಲ. 2011ರ ಜನಗಣತಿಯ ಪ್ರಕಾರ ಹುಟ್ಟೂರನ್ನೋ ಹಿಂದಿನ ವಾಸಸ್ಥಳವನ್ನೋ ಬಿಟ್ಟು ಬಂದವರು ದೇಶದಲ್ಲಿ 45 ಕೋಟಿ ಮಂದಿ. ಅವರಲ್ಲಿ ರಾಜ್ಯದ ಗಡಿ ದಾಟಿದವರು ಐದು ಕೋಟಿಗೂ ಹೆಚ್ಚು. 2011ರಿಂದ 2016ರ ನಡುವೆ ವರ್ಷಕ್ಕೆ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಹೋಗಿದ್ದಾರೆ ಎಂದು 2016–17ರ ಕೇಂದ್ರ ಆರ್ಥಿಕ ಸಮೀಕ್ಷೆ ಅಂದಾಜು ಮಾಡಿತ್ತು. ಗಡಿ ಎಷ್ಟು ಜನರನ್ನು ತಡೆದು ನಿಲ್ಲಿಸುತ್ತಿದೆ ಎಂಬುದಕ್ಕೂ ಲೆಕ್ಕವಿದೆ. 2001ರ ಜನಗಣತಿಯ ಅಂಕಿಅಂಶ ಆಧರಿಸಿ ವಿಶ್ವಬ್ಯಾಂಕ್‌ನ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವೊಂದು, ಒಂದೇ ರಾಜ್ಯದೊಳಗಿನ ಅಕ್ಕಪಕ್ಕದ ಜಿಲ್ಲೆಗಳ ನಡುವಿನ ವಲಸೆಯು ಗಡಿಯ ಆಚೀಚೆ ಇರುವ ಅಕ್ಕಪಕ್ಕದ ಜಿಲ್ಲೆಗಳ ನಡುವಿನ ವಲಸೆಗಿಂತ ಕನಿಷ್ಠ ಶೇ 50ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ಭಾಷೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಉಳಿಯಿತು. ಕಾಲು ಕಟ್ಟಿಹಾಕುತ್ತಿರುವುದು ಪಡಿತರ, ಕಾಲೇಜು ಸೀಟು, ಸರ್ಕಾರಿ ನೌಕರಿಗಳಲ್ಲಿನ ರಾಜ್ಯಮಟ್ಟದ ನಿಯಮಗಳು ಎಂಬುದು ಆ ಅಧ್ಯಯನದ ವಿವರಣೆ.

ಸಾಮಾನಿನ ಮಟ್ಟಿಗೆ ಈ ತೊಡಕು ಬಹುಮಟ್ಟಿಗೆ ತೀರಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಪ್ರವೇಶ ತೆರಿಗೆ ಅದರಲ್ಲೇ ಲೀನವಾಯಿತು, ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಕೂಡ ಬೇಕಿಲ್ಲ. ಸಾಗಣೆದಾರರು ‘ಗಡಿ ತೆರಿಗೆ’ ಎಂದು ಹೆಚ್ಚುವರಿ ಹಣ ಕೇಳಿದರೆ ಕೊಡಬೇಕಾದ ಕಾರಣವಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಸಾಗಣೆದಾರ ನೋಂದಣಿ ಮಾಡಿಸಿರಬೇಕು. ಸಾಮಾನಿನ ಮೌಲ್ಯವನ್ನು ಮೊದಲೇ ಬರೆದುಕೊಡದಿದ್ದರೆ ನಷ್ಟಕ್ಕೆ ಆತನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಪರಿಹಾರ ಬೇಕೆಂದರೆ ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ಇಷ್ಟು ತಿಳಿದುಕೊಂಡು ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡರೆ ಗಂಟುಮೂಟೆಯ ಕೆಲಸ ಮುಗಿಯಿತು. ನಿಜವಾದ ಕೆಲಸ ಶುರುವಾಗುವುದು ಇದರ ನಂತರ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ಮಕ್ಕಳಿಗೆ. ಒಂದರಿಂದ ಒಂಬತ್ತನೇ ತರಗತಿಯವರೆಗೆ ಬೀದರ್‌ನಲ್ಲಿ ಓದಿದ ಹುಡುಗಿ ತಂದೆಯ ಕೆಲಸದ ಕಾರಣಕ್ಕೆ ಹತ್ತನೇ ತರಗತಿಗೆ ಹೈದರಾಬಾದಿನ ಶಾಲೆ ಸೇರುತ್ತಾಳೆ ಎಂದುಕೊಳ್ಳಿ. ಕರ್ನಾಟಕದ ಸಿಇಟಿಯ ಸಾಮಾನ್ಯ ನಿಯಮದಂತೆ ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಇಲ್ಲಿ ಓದಿರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿಯನ್ನೋ ಪಿಯುವನ್ನೋ ಇಲ್ಲಿಯೇ ಪಾಸು ಮಾಡಿರಬೇಕು. ಆಕೆ ಇಲ್ಲಿ ಓದಿದ್ದು ಒಂಬತ್ತು ವರ್ಷ. ಆದರೂ ಎರಡನೆಯ ಷರತ್ತು ಆಕೆಯನ್ನು ಹೊರಗಿಡುತ್ತದೆ. ಅತ್ತ ತೆಲಂಗಾಣದಲ್ಲಿ ವೈದ್ಯಕೀಯ ಸೀಟಿಗೆ ಸ್ಥಳೀಯಳು ಎನಿಸಿಕೊಳ್ಳಲು ಅರ್ಹತಾ ಪರೀಕ್ಷೆಯವರೆಗಿನ ಸತತ ನಾಲ್ಕು ವರ್ಷ ಅಲ್ಲಿ ಓದಿರಬೇಕು. ಈ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿದಿದೆ. ಆಕೆ ಅಲ್ಲಿ ಓದುವುದು ಮೂರೇ ವರ್ಷ. ಹನ್ನೆರಡು ವರ್ಷ ಒಂದು ದಿನವೂ ಬಿಡದೆ ಇದೇ ದೇಶದ ಶಾಲೆಗಳಲ್ಲಿ ಓದಿದ ಮಗು ಯಾವ ರಾಜ್ಯಕ್ಕೂ ಸೇರದಂತಾಗುತ್ತದೆ. ರಾಜ್ಯಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಆಕೆಗೆ ಉಳಿಯುವುದು ಅಖಿಲ ಭಾರತ ಕೋಟಾದ ಶೇ 15 ಸೀಟುಗಳು. ಅದು ತಪ್ಪಿದರೆ ಖಾಸಗಿ ಕಾಲೇಜಿನ ದುಬಾರಿ ಶುಲ್ಕ. ಗಡಿನಾಡು, ಹೊರನಾಡು ಕನ್ನಡಿಗರಿಗೆ, ಸೈನಿಕರ ಮಕ್ಕಳಿಗೆ ನಮ್ಮ ನಿಯಮಗಳಲ್ಲಿ ಪ್ರತ್ಯೇಕ ಕಲಂಗಳಿವೆ, ನಿಜ. ಅವುಗಳ ವ್ಯಾಪ್ತಿಗೆ ಬಾರದ ಮಗುವಿಗೆ ಎರಡೂ ಬಾಗಿಲು ಮುಚ್ಚಿರುತ್ತವೆ.

ಅದೇ ಹುಡುಗಿ ಇನ್ನೊಂದು ವರ್ಷ ಬೀದರ್‌ನಲ್ಲೇ ಇದ್ದು ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟಿದ್ದರೆ ಕರ್ನಾಟಕದ ಅರ್ಹತೆ ಭದ್ರವಾಗಿರುತ್ತಿತ್ತು. ಎಂಟನೇ ತರಗತಿ ಮುಗಿದ ಕೂಡಲೇ ಹೊರಟಿದ್ದರೆ ತೆಲಂಗಾಣದ ನಾಲ್ಕು ವರ್ಷ ತುಂಬುತ್ತಿತ್ತು. ಆದ್ದರಿಂದ ಮಕ್ಕಳಿರುವ ಮನೆಯವರು ಹೊರಡುವ ದಿನವನ್ನು ಗೊತ್ತುಮಾಡಬೇಕಾದದ್ದು ಲಾರಿ ಸಿಗುವ ದಿನ ನೋಡಿ ಅಲ್ಲ, ಮಗುವಿನ ತರಗತಿ ನೋಡಿ. ಸಿಬಿಎಸ್‌ಇಯಂಥ ಮಂಡಳಿಗಳು ಒಂಬತ್ತು ಮತ್ತು ಹನ್ನೊಂದನೇ ತರಗತಿಯಲ್ಲೇ ವಿದ್ಯಾರ್ಥಿಗಳ ಹೆಸರು ನೋಂದಾಯಿಸಿಕೊಳ್ಳುವುದರಿಂದ ಹತ್ತು, ಹನ್ನೆರಡರಲ್ಲಿ ಶಾಲೆ ಬದಲಿಸುವುದೂ ಕಷ್ಟ. ಇದನ್ನು ಅರಿತ ಎಷ್ಟೋ ಮನೆಗಳಲ್ಲಿ ತಂದೆ ಒಬ್ಬರೇ ಮುಂದೆ ಹೋಗಿ ಬಾಡಿಗೆ ಕೋಣೆ ಹಿಡಿಯುತ್ತಾರೆ, ತಾಯಿ ಮಕ್ಕಳೊಂದಿಗೆ ಊರಲ್ಲೇ ಉಳಿಯುತ್ತಾರೆ. ಒಂದು ಸಂಸಾರ ಎರಡು ಒಲೆ ಹಚ್ಚುವ ಖರ್ಚು ಯಾವ ಸರ್ಕಾರದ ಲೆಕ್ಕಕ್ಕೂ ಸಿಗುವುದಿಲ್ಲ.

ಗಾಡಿಯ ವಿಷಯದಲ್ಲಿ ಕಳೆದುಕೊಳ್ಳುವುದು ಬರೀ ಹಣ. ಆದರೆ ಹಣವೂ ಸಣ್ಣದಲ್ಲ. ಮೋಟಾರು ವಾಹನ ಕಾಯ್ದೆ–1988ರ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ ದೇಶದೆಲ್ಲೆಡೆ ಓಡಬಹುದು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು. ಕೆಎ–38 ಫಲಕದ ಕಾರಿಗೆ ಬೀದರ್‌ನ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ, ಹೊಸ ರಾಜ್ಯದಲ್ಲಿ ಆಜೀವ ತೆರಿಗೆ, ಆಮೇಲೆ ಹಳೆಯ ಕಚೇರಿಗೆ ಹಿಂದಿರುಗಿ ಉಳಿದ ಅವಧಿಯ ತೆರಿಗೆ ವಾಪಸಿಗೆ ಅರ್ಜಿ. ಮೊದಲು ಕಟ್ಟಬೇಕು, ಆಮೇಲೆ ಕೇಳಬೇಕು. ಇದರಲ್ಲಿ ಕರ್ನಾಟಕವೂ ಉದಾರಿಯಲ್ಲ. 2014ರಲ್ಲಿ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದ ಗಾಡಿ 30 ದಿನಕ್ಕಿಂತ ಹೆಚ್ಚು ಇಲ್ಲಿದ್ದರೆ ಆಜೀವ ತೆರಿಗೆ ಕಟ್ಟಬೇಕು ಎಂದಿತು. ಹೈಕೋರ್ಟ್ ಅದನ್ನು ರದ್ದುಪಡಿಸಬೇಕಾಯಿತು. ರಾಜ್ಯ ಬದಲಿಸಿದರೂ ನಂಬರು ಬದಲಿಸಬೇಕಿಲ್ಲದ, 2021ರಲ್ಲಿ ಬಂದ ಬಿಎಚ್ ಸರಣಿ ಈ ತೊಡಕಿಗೆ ಒಳ್ಳೆಯ ಪರಿಹಾರ. ಆದರೆ ಅದು ಸರ್ಕಾರಿ ನೌಕರರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಸಂಸ್ಥೆಗಳ ಉದ್ಯೋಗಿಗಳಿಗೆ ಮಾತ್ರ. ಸಣ್ಣ ಅಂಗಡಿಯ ಗುಮಾಸ್ತ, ಸ್ವಂತ ಗ್ಯಾರೇಜು ಇಡಲು ಹೊರಟ ಮೆಕ್ಯಾನಿಕ್ ಆ ಪಟ್ಟಿಯಲ್ಲಿಲ್ಲ.

ಇಷ್ಟಾದರೂ ಇವರೆಲ್ಲ ತಯಾರಿ ಮಾಡಿಕೊಳ್ಳಲು ಸಮಯವಿರುವ ಮಂದಿ. ಕಲ್ಯಾಣ ಕರ್ನಾಟಕದಿಂದ ಪ್ರತಿವರ್ಷ ಗುಳೆ ಹೋಗುವವರಿಗೆ ಆ ಸೌಭಾಗ್ಯವೂ ಇಲ್ಲ. ಸುಗ್ಗಿ ಮುಗಿದ ಮೇಲೆ ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಂದ ಹೈದರಾಬಾದ್, ಪುಣೆ, ಮುಂಬೈ, ಗೋವಾದ ಕಟ್ಟಡ ಕೆಲಸಕ್ಕೆ ಹೊರಡುವವರ ಸಿದ್ಧತೆಯೆಂದರೆ ಒಂದು ಗಂಟು ಬಟ್ಟೆ, ನಾಲ್ಕು ಪಾತ್ರೆ, ಮೇಸ್ತ್ರಿಯ ಫೋನ್ ನಂಬರು. ಇವರಿಗಾಗಿ ನಡೆದ ಒಳ್ಳೆಯ ಕೆಲಸವೊಂದಿದೆ: ‘ಒಂದು ದೇಶ, ಒಂದು ಪಡಿತರ ಚೀಟಿ’. 2019ರಲ್ಲಿ ಕೆಲವೇ ರಾಜ್ಯಗಳ ನಡುವೆ ಶುರುವಾದ ಈ ವ್ಯವಸ್ಥೆ 2022ರ ಜೂನ್‌ನಲ್ಲಿ ಅಸ್ಸಾಂ ಸೇರುವುದರೊಂದಿಗೆ ಇಡೀ ದೇಶಕ್ಕೆ ಹಬ್ಬಿತು. ಹೈದರಾಬಾದಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಕಲಬುರಗಿಯ ಚೀಟಿಗೆ ಅಕ್ಕಿ ಪಡೆಯಬಹುದು. ಆದರೆ ಸಿಗುವುದು ಆಹಾರ ಭದ್ರತಾ ಕಾಯ್ದೆಯ ಕೇಂದ್ರದ ಪಾಲು ಮಾತ್ರ. ಅನ್ನಭಾಗ್ಯದಲ್ಲಿ ರಾಜ್ಯ ತನ್ನ ಬೊಕ್ಕಸದಿಂದ ಸೇರಿಸುವ ಪಾಲು ಗಡಿ ದಾಟುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳೂ ರಾಜ್ಯಕ್ಕೊಂದು. ಒಂದರಲ್ಲಿ ಮಾಡಿಸಿದ ನೋಂದಣಿಯ ಫಲ ಇನ್ನೊಂದರಲ್ಲಿ ಸುಲಭವಾಗಿ ಸಿಗುವುದಿಲ್ಲ.

ಗುಳೆ ಹೋಗುವವರಲ್ಲಿ ದೊಡ್ಡ ಪಾಲು ದಲಿತರದ್ದು. ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು ಎಂದು ಸಂವಿಧಾನದ 341 ಮತ್ತು 342ನೇ ವಿಧಿಗಳು ಹೇಳುತ್ತವೆ. ಅದರಂತೆ, ಎರಡೂ ರಾಜ್ಯಗಳ ಪಟ್ಟಿಯಲ್ಲಿ ಅದೇ ಜಾತಿಯ ಹೆಸರಿದ್ದರೂ ವಲಸೆ ಬಂದವರಿಗೆ ಹೊಸ ರಾಜ್ಯದ ಮೀಸಲಾತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳ ಪೀಠ 2018ರಲ್ಲಿ ಇದೇ ನಿಲುವನ್ನು ಮತ್ತೆ ಖಚಿತಪಡಿಸಿತು. ಕಾನೂನಿನ ತರ್ಕ ಅರ್ಥವಾಗುವಂಥದ್ದೇ. ಆದರೆ ಅಸ್ಪೃಶ್ಯತೆಯ ಗಾಯ ಜಹೀರಾಬಾದಿನ ಗಡಿಗಲ್ಲಿನ ಹತ್ತಿರ ಮಾಯುವುದಿಲ್ಲ.

ಇಷ್ಟೆಲ್ಲ ಹೇಳುವಾಗ, ಸ್ಥಳೀಯರ ಹಿತರಕ್ಷಣೆಯೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ತನ್ನ ತೆರಿಗೆದಾರರ ಹಣದಲ್ಲಿ ಕಟ್ಟಿದ ಕಾಲೇಜುಗಳಲ್ಲಿ ತನ್ನ ಹಳ್ಳಿಗಳ ಮಕ್ಕಳಿಗೆ ಆದ್ಯತೆ ಕೊಡುವುದು ರಾಜ್ಯದ ನ್ಯಾಯವಾದ ಕಾಳಜಿ. ಉದ್ಯೋಗದಲ್ಲಿ ಕನ್ನಡಿಗರಿಗೆ ಆದ್ಯತೆ ಕೇಳಿದ ಸರೋಜಿನಿ ಮಹಿಷಿ ಸಮಿತಿಯ ವರದಿಯ ಹಿಂದಿದ್ದ ಆತಂಕ ಇಂದಿಗೂ ನಿಜವೇ. ದೇಶಕ್ಕೆಲ್ಲ ಒಂದೇ ನಿವಾಸ, ರಾಜ್ಯಕ್ಕೊಂದು ನಿವಾಸವಿಲ್ಲ ಎಂದು 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಹೇಳಿದ ಸುಪ್ರೀಂ ಕೋರ್ಟ್ ಕೂಡ ಎಂಬಿಬಿಎಸ್ ಹಂತದಲ್ಲಿ ಸೀಮಿತ ಆದ್ಯತೆಗೆ ಒಪ್ಪಿತ್ತು. ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ನಿವಾಸ ಆಧಾರಿತ ಮೀಸಲು ಸಲ್ಲದು ಎಂದು 2025ರ ಜನವರಿಯಲ್ಲಿ ಹೇಳಿದಾಗಲೂ ಈ ವ್ಯತ್ಯಾಸವನ್ನು ಉಳಿಸಿಕೊಂಡಿತು. ನನ್ನ ತಕರಾರು ಇರುವುದು ಬೇರೆ ಕಡೆ. ಒಳಗಿನವರು ಯಾರು ಎಂದು ಪ್ರತಿ ರಾಜ್ಯವೂ ತನ್ನಷ್ಟಕ್ಕೆ ತಾನೇ ಬರೆದುಕೊಂಡಿದೆ. ಎರಡು ನಿಯಮಗಳ ಸಂದಿಯಲ್ಲಿ ಬಿದ್ದವರು ಯಾರವರು ಎಂದು ಯಾವ ರಾಜ್ಯವೂ ಕೇಳಿಕೊಂಡಿಲ್ಲ. ಎಲ್ಲಿಗಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಹೋದವರು ದಂಡ ತೆರುವಂತಾದರೆ ಆ ಹಕ್ಕು ಕಾಗದದ ಮೇಲಷ್ಟೇ ಇದ್ದಂತೆ.

ಒಂದೇ ನಿಯಮವನ್ನು ದೇಶದ ಮೇಲೆಲ್ಲ ಹೇರದೆಯೂ ಇದನ್ನು ಸರಿಪಡಿಸಬಹುದು. ಪಡಿತರ ಚೀಟಿಯಲ್ಲಿ ಅದು ಸಾಧ್ಯವಾಗಿದೆ. ಶಾಲೆಯಲ್ಲಿಯೂ ಮಾದರಿಯಿದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಬೇರೆ ರಾಜ್ಯದಿಂದ ಬಂದ ಮಗುವಿನ ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಗುಳೆ ಹೋಗುವ ಪ್ರತಿ ತಾಯ್ತಂದೆಗೂ ಈ ಮಾತು ಗೊತ್ತಿರಬೇಕು. ಇದೇ ದಾರಿಯಲ್ಲಿ ಕರ್ನಾಟಕ ತನ್ನ ಕೈಯಲ್ಲೇ ಇರುವ ಮೂರು ಕೆಲಸಗಳನ್ನು ಮೊದಲು ಮಾಡಲಿ. ಏಳು ವರ್ಷ ಇಲ್ಲಿ ಓದಿದ ಮಗು ಪೋಷಕರ ಉದ್ಯೋಗದ ಕಾರಣಕ್ಕೆ ಹೋಗಬೇಕಾಗಿ ಬಂದು, ಹೋದ ರಾಜ್ಯದಲ್ಲಿಯೂ ಸ್ಥಳೀಯ ಎನಿಸಿಕೊಳ್ಳದಿದ್ದರೆ, ಎಸ್ಸೆಸ್ಸೆಲ್ಸಿ-ಪಿಯು ಷರತ್ತನ್ನು ಆ ಮಗುವಿಗೆ ಸಡಿಲಿಸಲಿ. ವಾಹನ ತೆರಿಗೆಯ ಉಳಿಕೆಯನ್ನು ಮಾಲೀಕ ಕೇಳಿಕೊಂಡು ಬರುವವರೆಗೆ ಕಾಯದೆ, ನಿರಾಕ್ಷೇಪಣಾ ಪತ್ರ ಕೊಟ್ಟು ಹೊಸ ನೋಂದಣಿ ಖಚಿತವಾದ ಕೂಡಲೇ ನೇರ ಬ್ಯಾಂಕ್ ಖಾತೆಗೆ ಹಾಕಲಿ. ಗುಳೆ ಹೆಚ್ಚಿರುವ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಲ್ಲಿ ಹೊರಡುವ ಮುನ್ನವೇ ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ, ಆಧಾರ್, ಮಕ್ಕಳ ಶಾಲಾ ದಾಖಲೆ ಸರಿಪಡಿಸಿಕೊಡುವ ಒಂದು ಮೇಜು ಹಾಕಲಿ.

ಉಳಿದದ್ದಕ್ಕೆ ನೆರೆಯ ರಾಜ್ಯಗಳೊಡನೆ ಕೂತು ಮಾತಾಡಬೇಕು. ಹಾಗೆ ಮಾತಾಡಲೊಂದು ಜಾಗವೂ ಇದೆ. 1956ರಲ್ಲಿ ಗಡಿ ಎಳೆದ ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯೇ, ಆ ಗಡಿಯಿಂದ ಹುಟ್ಟುವ ತೊಡಕುಗಳನ್ನು ರಾಜ್ಯಗಳು ಒಟ್ಟಿಗೆ ಬಗೆಹರಿಸಿಕೊಳ್ಳಲಿ ಎಂದು ವಲಯ ಮಂಡಳಿಗಳನ್ನೂ ಸ್ಥಾಪಿಸಿತು. ಕರ್ನಾಟಕ, ತೆಲಂಗಾಣ, ಆಂಧ್ರ, ತಮಿಳುನಾಡು, ಕೇರಳ, ಪುದುಚೇರಿ ಎಲ್ಲವೂ ದಕ್ಷಿಣ ವಲಯ ಮಂಡಳಿಯ ಸದಸ್ಯರೇ. ಮಂಡಳಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ನೀರು, ಗಡಿ, ವಿದ್ಯುತ್ತಿನ ಜೊತೆಗೆ ಮನೆ ಬದಲಿಸುವ ಮನುಷ್ಯರನ್ನೂ ಸೇರಿಸಿ ಎಂದು ಕರ್ನಾಟಕ ಕೇಳಲಿ. ಎರಡು ರಾಜ್ಯಗಳ ನಡುವೆ ಯಾರವಳೂ ಅಲ್ಲದೆ ನಿಂತಿರುವ ಹತ್ತನೇ ತರಗತಿಯ ಹುಡುಗಿಯ ಪ್ರಶ್ನೆ ಆ ಪಟ್ಟಿಯಲ್ಲಿ ಮೊದಲು ಬರಲಿ.