ರೀಲಿನ ರೊಕ್ಕಕ್ಕೂ ಲೆಕ್ಕ ಐತಿ!

ಗಂಗಾವತಿಯಿಂದ ಆನೆಗೊಂದಿ ಕಡೆ ಹೋಗುವ ಬಸ್ಸಿನಲ್ಲಿ ವಾರದ ಕೊನೆಗೆ ಸೀಟು ಸಿಗುವುದೇ ಕಷ್ಟ. ಅರ್ಧ ಜನ ಅಂಜನಾದ್ರಿಯ ಭಕ್ತರಾದರೆ ಉಳಿದರ್ಧ ಮೊಬೈಲ್ ಭಕ್ತರು. ಸಾಣಾಪುರ ಕೆರೆಯ ಹರಿಗೋಲು, ಬಂಡೆ, ಭತ್ತದ ಗದ್ದೆ, ಹೋಂಸ್ಟೇ ಊಟ, ಎಲ್ಲವೂ ಅರ್ಧ ನಿಮಿಷದ ರೀಲು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಂತೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದ ಮೇಲಂತೂ ಪ್ರವಾಸಿಗರ ದಂಡು ಈ ಕಡೆಗೇ ತಿರುಗಿತು. ದಂಡಿನ ಹಿಂದೆ ರೀಲು ಮಾಡುವವರೂ ಬಂದರು. ಹೊರಗಿನವರಷ್ಟೇ ಅಲ್ಲ, ನಮ್ಮ ಹುಡುಗರೂ ಉಂಟು.

ಇದು ಚೇಷ್ಟೆಯಲ್ಲ, ಕಸುಬು. ಕಸುಬು ಎಂದಮೇಲೆ ತೆರಿಗೆ ಇದ್ದದ್ದೇ. 2025ರ ಆದಾಯ ತೆರಿಗೆ ರಿಟರ್ನ್ ಫಾರಂಗಳಲ್ಲಿ ಈ ಕಸುಬಿಗೆ 16021 ಎಂಬ ಪ್ರತ್ಯೇಕ ಸಂಕೇತವೇ ಬಂದಿದೆ. ಅಂದರೆ ಡಾಕ್ಟರು, ವಕೀಲರಿಗೆ ಇರುವಂತೆ ಇವರಿಗೂ ದಿಲ್ಲಿಯಲ್ಲಿ ಒಂದು ಖಾನೆ ತೆರೆದಾಯಿತು.

“ನನಗೇನ್ ಪಗಾರ ಬರತೈತೇನ್ರೀ? ಪುಕ್ಕಟೆ ಊಟ ಹಾಕ್ಯಾರ, ವಿಡಿಯೋ ಮಾಡೀನಿ” ಎಂದು ಹುಡುಗ ಕೇಳಬಹುದು. ತೊಡಕು ಇರುವುದೇ ಇಲ್ಲಿ. ಕಾಯಿದೆಯ ಕಣ್ಣಿಗೆ ಪುಕ್ಕಟೆ ಎಂಬುದಿಲ್ಲ. ರೂಮು, ಊಟ, ಫೋನು, ಬಟ್ಟೆ, ಕೆಲಸಕ್ಕೆ ಬದಲಾಗಿ ಏನು ಬಂದರೂ ಅದರ ಬೆಲೆ ಆದಾಯವೇ. 2022ರ ಜುಲೈ 1ರಿಂದ ಇನ್ನೊಂದು ನಿಯಮ ಸೇರಿತು: ವರ್ಷದಲ್ಲಿ 20,000 ರೂಪಾಯಿ ದಾಟಿದ ಇಂಥ ಉಡುಗೊರೆಗೆ ಕೊಟ್ಟವನೇ ನೂರಕ್ಕೆ ಹತ್ತರಂತೆ ತೆರಿಗೆ ಮುರಿದು ಕಟ್ಟಬೇಕು. ಮೊಬೈಲ್ ಅಂಗಡಿಯವರು ಇದನ್ನು ಗಮನಿಸಲಿ. 30,000 ರೂಪಾಯಿಯ ಫೋನ್ ಕೊಟ್ಟು ರೀಲು ಮಾಡಿಸಿದಿರಿ ಎನ್ನಿ. ವಿಡಿಯೋ ಮುಗಿದ ಮೇಲೆ ಫೋನ್ ವಾಪಸ್ ಬಂದರೆ ಲೆಕ್ಕಕ್ಕಿಲ್ಲ. ಹುಡುಗನ ಜೇಬಿನಲ್ಲೇ ಉಳಿದರೆ ಅದು ಅವನ ಆದಾಯ. ಕೊಡುವವರು ಕಂಪನಿಯಲ್ಲ, ಸ್ವಂತ ಹೆಸರಿನ ಅಂಗಡಿ, ಹಿಂದಿನ ವರ್ಷದ ವ್ಯಾಪಾರ 1 ಕೋಟಿ ದಾಟಿಲ್ಲ ಎಂದರೆ ಮುರಿದುಕೊಳ್ಳುವ ಹೊಣೆ ನಿಮಗಿಲ್ಲ. ಹುಡುಗನ ಹೊಣೆ ಮಾತ್ರ ತಪ್ಪುವುದಿಲ್ಲ.

ಹಾಗಂತ ಎಲ್ಲರೂ ತೆರಿಗೆ ಕಟ್ಟಿ ದಿವಾಳಿಯಾಗುತ್ತಾರೆಂದು ಹೆದರುವುದು ಬೇಡ. ಹೊಸ ಪದ್ಧತಿಯಲ್ಲಿ ವರ್ಷದ ಆದಾಯ 12 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ. ನಮ್ಮ ಕಡೆಯ ಬಹುಪಾಲು ಹುಡುಗರು ಆ ಗೆರೆಯ ಹತ್ತಿರಕ್ಕೂ ಹೋಗಿರಲಾರರು. ಆದರೆ 4 ಲಕ್ಷ ದಾಟಿದರೆ ರಿಟರ್ನ್ ಹಾಕಲೇಬೇಕು. ಹಾಕದಿದ್ದರೆ ಕಳೆದುಕೊಳ್ಳುವವರು ತಾವೇ! ಬೆಂಗಳೂರಿನ ಕಂಪನಿ 80,000 ರೂಪಾಯಿ ಜಾಹೀರಾತಿಗೆ ಒಪ್ಪಿ, 8,000 ಮುರಿದು, 72,000 ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಹುಡುಗನ ವರ್ಷದ ಗಳಿಕೆ 5 ಲಕ್ಷ. ತೆರಿಗೆ ಸೊನ್ನೆ. ಆ 8,000 ಅವನದೇ ರೊಕ್ಕ, ಸರ್ಕಾರದ ಹತ್ತಿರ ಕುಳಿತಿದೆ. ರಿಟರ್ನ್ ಹಾಕಿದರೆ ಖಾತೆಗೆ ವಾಪಸ್, ಇಲ್ಲದಿದ್ದರೆ ಗೋವಿಂದ. ಯೂಟ್ಯೂಬಿನವರಿಗೆ ಇನ್ನೊಂದು ಕತ್ತರಿಯೂ ಇದೆ. 2021ರ ಜೂನ್‌ನಿಂದ ಅಮೆರಿಕದ ನೋಡುಗರಿಂದ ಬಂದ ಗಳಿಕೆಯ ಮೇಲೆ ಅಲ್ಲಿನ ತೆರಿಗೆ ಹಿಡಿಯುತ್ತಾರೆ. ಫಾರಂ ತುಂಬಿ ಭಾರತದವರೆಂದು ತೋರಿಸಿದರೆ ಆ ಗಳಿಕೆಗೆ ನೂರಕ್ಕೆ 15. ತುಂಬದಿದ್ದರೆ ಇಡೀ ಜಗತ್ತಿನ ಗಳಿಕೆಗೇ 24ರವರೆಗೆ ಬೀಳಬಹುದು.

ಜಿಎಸ್‌ಟಿ ಬೇರೆ ದಾರಿ. ವರ್ಷದ ಒಟ್ಟು ಆದಾನ, ಖರ್ಚು ಕಳೆಯದೆ, 20 ಲಕ್ಷ ದಾಟಿದರೆ ನೋಂದಣಿ ಬೇಕು. ದರ ನೂರಕ್ಕೆ 18. ಹೊರದೇಶದ ರೊಕ್ಕವೂ ಆ ಎಣಿಕೆಗೆ ಸೇರುತ್ತದೆ. ಕಾಗದಪತ್ರ ಸರಿಯಿದ್ದರೆ ರಫ್ತು ಎಂದು ಅದಕ್ಕೆ ತೆರಿಗೆ ಇಲ್ಲ.

ಇಷ್ಟನ್ನು ಸರ್ಕಾರ ಊರೂರಿಗೆ ಬಂದು ಹೇಳಿದೆಯೇ? ಎಲ್ಲಿಯದು! ನಮ್ಮ ಅಂಗಡಿಕಾರರು 2025ರ ಜುಲೈಯನ್ನು ಮರೆತಿಲ್ಲ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಕಳಿಸಿತು. ಬೆಂಗಳೂರಿನಲ್ಲಿ ಸ್ಕ್ಯಾನರ್ ಚೀಟಿ ಕಿತ್ತು “ನಗದು ಮಾತ್ರ” ಎಂದು ಬರೆದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್! ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಸ್ವಾಮೀ. ಗದ್ದಲವಾದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳೇ ಬಾಕಿ ವಸೂಲಿ ಇಲ್ಲ ಎಂದರು. ಮೊದಲು ನೋಟಿಸ್, ಆಮೇಲೆ ತಿಳಿವಳಿಕೆ ಎಂಬ ಈ ಕ್ರಮವೇ ತಲೆಕೆಳಗು.

ಅಂದು ವ್ಯಾಪಾರಿಗಳಿಗೆ ಸಂಘವಿತ್ತು, ಕೂಗಲು ದನಿಯಿತ್ತು. ರೀಲು ಹುಡುಗರಿಗೆ ಯಾವ ಸಂಘ? ಕೇರಳದಲ್ಲಿ 2023ರ ಜೂನ್‌ನಲ್ಲಿ ಆದಾಯ ತೆರಿಗೆಯವರು ಯೂಟ್ಯೂಬರುಗಳ ಮನೆಗೇ ಶೋಧಕ್ಕೆ ಹೋಗಿದ್ದರು. ಅವರು ದೊಡ್ಡ ಕುಳಗಳು, ನಿಜ. ಆದರೆ ಬ್ಯಾಂಕ್ ಖಾತೆ, ಪ್ಯಾನ್ ನಂಬರು ದೊಡ್ಡವರಿಗೂ ಸಣ್ಣವರಿಗೂ ಒಂದೇ ಥರ ಮಾತಾಡುತ್ತವೆ. ಇಲಾಖೆಯವರು ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಒಂದೊಂದು ದಿನ ಕುಳಿತು ಕನ್ನಡದಲ್ಲಿ ಹೇಳಿದರೆ ಅವರ ಗಂಟೇನೂ ಹೋಗದು.

ಅಲ್ಲಿಯವರೆಗೆ ಹುಡುಗರು ಒಂದು ನೋಟ್‌ಬುಕ್ ಇಡಲಿ: ಯಾವ ದಿನ, ಯಾರು, ಏನು ಕೊಟ್ಟರು, ಬೆಲೆ ಎಷ್ಟು, ಪೆಟ್ರೋಲಿಗೆ ಎಷ್ಟು ಹೋಯಿತು. ನೋಟ್‌ಬುಕ್ಕಿನ ಜೊತೆ ಕೊಟ್ಟವರ ಚೀಟಿಯೂ ಇರಬೇಕು. ಆದರೆ ಎರಡು ರಾತ್ರಿಯ ಪುಕ್ಕಟೆ ರೂಮಿಗೆ ಹೋಂಸ್ಟೇ ಮಾಲೀಕರು ಚೀಟಿ ಬರೆದುಕೊಟ್ಟಾರೆಯೇ? ಬರೆದರೆ ಅವರ ವಹಿವಾಟೂ ಕಾಗದಕ್ಕೆ ಇಳಿಯುತ್ತದಲ್ಲ!