ಕೊಡಬೇಕಾದ ಅಂಕಿ ಎಲ್ಲಿ ಅಡಗಿದೆ?

ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಯಾವುದಾದರೂ ಗಾರ್ಮೆಂಟ್ಸ್ ಕಾರ್ಖಾನೆಯ ಒಳಗೆ ಹೋಗಿ ನೋಡಿ. ಲೈನಿನ ತಲೆಯಲ್ಲಿ ಒಂದು ಬೋರ್ಡು. ಈ ಗಂಟೆಗೆ ಎಷ್ಟು ಪೀಸ್ ಆಗಬೇಕಿತ್ತು, ಎಷ್ಟಾಯಿತು, ಎಷ್ಟು ಬಾಕಿ. ಅಂಕಿಗಳು ಅಂಗೈಯಗಲ. ಕೊನೆಯ ಮೆಷಿನ್ನಿನಲ್ಲಿ ಕೂತವಳಿಗೂ ಅದು ಕಾಣಬೇಕು. ಕಂಡು ಎದೆ ಢವಢವ ಎನ್ನಬೇಕು, ನೀರು ಕುಡಿಯಲೂ ಅವಳು ಏಳಬಾರದು. ಅದೇ ಕಟ್ಟಡದಲ್ಲಿ ಅವಳ ಕನಿಷ್ಠ ಕೂಲಿ ಎಷ್ಟೆಂದು ಹೇಳುವ ಹಾಳೆ ಎಲ್ಲಿರುತ್ತದೆ? ನಾನು ಕಂಡ ಒಂದು ಕಡೆ ಅದು ಎಚ್‌ಆರ್ ಕೋಣೆಯ ಪಕ್ಕ, ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗೆ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇತ್ತು. ಅವಳಿಂದ ಕೀಳುವ ಅಂಕಿ ದೊಡ್ಡದು, ಅವಳಿಗೆ ಕೊಡಬೇಕಾದ ಅಂಕಿ ಸಣ್ಣದು. ಇದನ್ನು ಮರೆವು ಎಂದು ನನಗೆ ಹೇಳಬೇಡಿ. ತಿಳಿದೇ ಮಾಡಿದ ಏರ್ಪಾಡು ಇದು.

ಕಾನೂನಿಗೆ ಬಾಯಿ ಇರಲಿಲ್ಲವೇ? ಇತ್ತು. ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ 1946ರಲ್ಲೇ ಸ್ಥಾಯಿ ಆದೇಶಗಳ ಕಾಯ್ದೆ ಬಂತು. ಕೆಲಸದ ನಿಯಮಗಳನ್ನು, ಹೆಚ್ಚು ಕಾರ್ಮಿಕರು ಒಳಬರುವ ಬಾಗಿಲ ಬಳಿ, ಪ್ರತಿ ವಿಭಾಗದಲ್ಲೂ, ಅವರಿಗೆ ತಿಳಿಯುವ ಭಾಷೆಯಲ್ಲಿ ಹಾಕಿರಬೇಕು ಎಂದಿತು. 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೂಚನೆ ಸ್ವಚ್ಛವಾಗಿ, ಓದಲು ಬರುವಂತೆ ಇರಬೇಕು ಎಂದೂ ಬರೆಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೆಂಗಸರು ದುಡಿಯುವ ಪ್ರತಿಯೊಂದು ಭಾಗದಲ್ಲೂ ತನ್ನ ಸಾರಾಂಶ ತೂಗುಹಾಕಲು ಹೇಳಿತು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕಿರುಕುಳಕ್ಕೆ ಏನು ಶಿಕ್ಷೆ, ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ ಎಂಬುದು ಎದ್ದು ಕಾಣುವ ಜಾಗದಲ್ಲಿರಬೇಕು. ತಪ್ಪಿದರೆ 50,000 ರೂಪಾಯಿವರೆಗೆ ದಂಡ.

ಈ ಸಾಲುಗಳನ್ನು ಬರೆದವರಿಗೆ ಒಂದು ಸತ್ಯ ಗೊತ್ತಿತ್ತು. ಹಕ್ಕು ಇದೆಯೆಂದು ತಿಳಿಯದವಳು ಅದನ್ನು ಕೇಳುವುದಿಲ್ಲ. ಮಾಲೀಕರಿಗೂ ಅದೇ ಸತ್ಯ ಗೊತ್ತು, ಅದಕ್ಕೇ ಗಾಜಿನ ಪೆಟ್ಟಿಗೆ, ಅದಕ್ಕೇ ಬೀಗ. ಲೈನಿನಲ್ಲಿ ಕೂತವರು ಯಾರು? ಮಂಡ್ಯ, ರಾಮನಗರ, ತುಮಕೂರಿನ ಹಳ್ಳಿಗಳ ಹೆಣ್ಣುಮಕ್ಕಳು. ಅಕ್ಷರವನ್ನು ತಲೆತಲಾಂತರ ದೂರವಿಟ್ಟ ಮನೆಗಳಿಂದ ಬಂದವರು ಅವರಲ್ಲಿ ಎಷ್ಟೋ ಮಂದಿ. ಈಗ ಒಡಿಶಾದಿಂದ, ಜಾರ್ಖಂಡ್‌ನಿಂದ ಕರೆತಂದು ಹಾಸ್ಟೆಲಿನಲ್ಲಿಟ್ಟ ಹುಡುಗಿಯರೂ ಇದ್ದಾರೆ. ಬಹುಪಾಲು ಜನರ ಭಾಷೆಯಲ್ಲಿದ್ದರೆ ಸಾಕು ಎನ್ನುತ್ತಿತ್ತು ಕಾರ್ಖಾನೆ ಕಾಯ್ದೆ. ಆ ಹುಡುಗಿ ಬಹುಪಾಲಿಗೆ ಸೇರದಿದ್ದರೆ ಅವಳಿಗೆ ಕಾನೂನೇ ಇಲ್ಲವೇ? ಕನ್ನಡದಲ್ಲಿ ಬರೆಯಿರಿ ಎಂದು ನಾನು ಗಂಟಲು ಹರಿದುಕೊಂಡು ಕೇಳುತ್ತೇನೆ. ಅಷ್ಟೇ ಗಟ್ಟಿಯಾಗಿ ಒಡಿಯಾದಲ್ಲೂ ಹಿಂದಿಯಲ್ಲೂ ಬರೆಯಿರಿ ಎಂದು ಕೇಳುತ್ತೇನೆ. ಒಂದೇ ಲೈನಿನಲ್ಲಿ ಕೂತು ಬೆನ್ನು ಮುರಿದುಕೊಳ್ಳುವವರ ನಡುವೆ ಭಾಷೆಯ ಬೇಲಿ ಹಾಕಿ ಲಾಭ ಎಣಿಸುವವನು ಮಾಲೀಕನೊಬ್ಬನೇ.

ಬೋರ್ಡಿನ ಮೇಲೊಂದು ಹಾಳೆಗೆ ಇಷ್ಟು ಸಿಟ್ಟೇಕೆ ಎನ್ನುವವರು 2020ನ್ನು ನೆನಪಿಸಿಕೊಳ್ಳಲಿ. ಊರಿಗೆ ಊರೇ ಬಾಗಿಲು ಹಾಕಿದ್ದ ಆ ವರ್ಷ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರ ಮುಂದೂಡಿತು. ತಿಂಗಳಿಗೆ 417 ರೂಪಾಯಿ 60 ಪೈಸೆ. ಆ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಆದರೂ ಎಷ್ಟೋ ಕಾರ್ಖಾನೆಗಳು 2022ರ ತನಕ ಆ ದುಡ್ಡನ್ನು ಅದುಮಿಟ್ಟುಕೊಂಡವು. ಯೂನಿಯನ್ನುಗಳು ಬೆನ್ನು ಬಿಡದೆ ಹೋರಾಡಿದವು, ವಿದೇಶಿ ಬ್ರಾಂಡುಗಳ ಮೇಲೆ ಒತ್ತಡ ಬಿತ್ತು, ಆಮೇಲಷ್ಟೇ ಬಾಕಿ ಕೈಗೆ ಬಂದದ್ದು. 417 ರೂಪಾಯಿ ಎಂದರೆ ಒಂದು ಮನೆಗೆ ಅಕ್ಕಿ, ಎಣ್ಣೆ, ಮಗುವಿನ ನೋಟ್‌ಬುಕ್ಕು. ಆ ಅಂಕಿಯನ್ನು ಟಾರ್ಗೆಟ್ ಬೋರ್ಡಿನ ಪಕ್ಕ ಅದೇ ಅಗಲಕ್ಕೆ ಬರೆದಿದ್ದರೆ, ಮೊದಲ ತಿಂಗಳ ಸ್ಲಿಪ್ಪಿನಲ್ಲೇ ಪ್ರತಿಯೊಬ್ಬಳೂ ಬೆರಳಿಟ್ಟು ಕೇಳುತ್ತಿದ್ದಳು. ಕೇಳಿದರೆ ಏನಾಗುತ್ತದೆಂದು ಬೆಂಗಳೂರು 2016ರ ಏಪ್ರಿಲ್‌ನಲ್ಲಿ ಕಂಡಿದೆ. ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ಹಾಕಿದ್ದ ಹೊಸ ತಡೆಯ ಸುದ್ದಿ ಬಾಯಿಂದ ಬಾಯಿಗೆ ಹರಡಿ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಎರಡನೇ ದಿನಕ್ಕೆ ದೆಹಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಈಗ ಹಳೆಯ ಕಾಯ್ದೆಗಳ ಜಾಗಕ್ಕೆ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ವೇತನ ಸಂಹಿತೆಯ 50ನೇ ಕಲಂ ಕೂಲಿ ದರ, ಸಂಬಳದ ದಿನ, ಇನ್‌ಸ್ಪೆಕ್ಟರ್ ಹೆಸರು ಮತ್ತು ವಿಳಾಸವನ್ನು ಬೋರ್ಡಿಗೆ ಹಾಕಿ ಎನ್ನುತ್ತದೆ, ಒಳ್ಳೆಯದು. ಆದರೆ ಹಾಕದವನ ಮೇಲೆ ಮೊಕದ್ದಮೆ ಹೂಡುವ ಮುಂಚೆ ತಿದ್ದಿಕೊಳ್ಳಲು ಅವನಿಗೆ ಸಮಯ ಕೊಡಬೇಕಂತೆ. ಐದು ನಿಮಿಷ ತಡವಾಗಿ ಗೇಟಿಗೆ ಬಂದವಳಿಗೆ ಯಾರು ಸಮಯ ಕೊಟ್ಟಿದ್ದಾರೆ? ಸ್ಥಾಯಿ ಆದೇಶಗಳ ಕಡ್ಡಾಯವಂತೂ 300 ಜನ ಇದ್ದಲ್ಲಿ ಮಾತ್ರ. ಅದಕ್ಕಿಂತ ಚಿಕ್ಕ ಕಾರ್ಖಾನೆಯವರನ್ನು ಬೀದಿಗೆ ಬಿಟ್ಟಂತಾಯಿತು.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೂತಿರುವ ಅಧಿಕಾರಿಗಳೇ, ತಪಾಸಣೆಗೆ ಹೋದಾಗ ಮ್ಯಾನೇಜರ್ ತೋರಿಸುವ ಬೋರ್ಡಿನ ಫೋಟೋ ತೆಗೆದುಕೊಂಡು ಬರಬೇಡಿ. ಫ್ಲೋರಿಗೆ ಇಳಿಯಿರಿ. ಸೂಪರ್‌ವೈಸರನ್ನು ಆಚೆ ಕಳಿಸಿ. ಕೊನೆಯ ಮೆಷಿನ್ನಿನ ಹೆಲ್ಪರ್ ಹತ್ತಿರ ನಿಂತು ಎರಡೇ ಮಾತು ಕೇಳಿ: ನಿಮ್ಮ ಕನಿಷ್ಠ ಕೂಲಿ ಎಷ್ಟು ತಾಯಿ, ದೂರು ಕೊಡಬೇಕಾದರೆ ಯಾರ ಹತ್ತಿರ ಹೋಗುತ್ತೀರಿ? ಅವಳಿಗೆ ಗೊತ್ತಿಲ್ಲದಿದ್ದರೆ, ಗೋಡೆಯ ಮೇಲೆ ಏನೇ ನೇತಾಡುತ್ತಿರಲಿ, ಇಲ್ಲಿ ಸೂಚನೆ ಹಾಕಿಲ್ಲ ಎಂದು ವರದಿಯಲ್ಲಿ ಬರೆಯಿರಿ.